ನಿರಾಶ್ರಿತರ ಶಿಬಿರಗಳಲ್ಲಿ ಎಚ್.ಐ.ವಿ. ಚಿಕಿತ್ಸೆ

ಕೆನ್ಯಾ ದೇಶದ ವಾಯವ್ಯ ಭಾಗದಲ್ಲಿರುವ ಕಾಕುಮಾ ಶಿಬಿರವು 1992ರಲ್ಲಿ ಸುಡಾನಿನ ಅಂತರ್ಯುದ್ಧದಿಂದ ಓಡಿಬಂದವರಿಗಾಗಿ ಸ್ಥಾಪಿತವಾಯಿತು. ಇಂತಹ ಶಿಬಿರಗಳಲ್ಲಿ ಎಚ್.ಐ.ವಿ. ಸೋಂಕಿತರ ಚಿಕಿತ್ಸೆಗೆ ಮುಖ್ಯವಾಗಿ ಬೇಕಾದುದು ಅವಿಚ್ಛಿನ್ನತೆ. ಔಷಧವು ರೋಗಾಣುವನ್ನು ನಿರ್ಮೂಲ ಮಾಡದೆ ಅದರ ವೃದ್ಧಿಯನ್ನು ಮಾತ್ರ ತಡೆಯುವುದರಿಂದ, ಅದನ್ನು ಜೀವಾವಧಿ ಪ್ರತಿದಿನವೂ ಸೇವಿಸಬೇಕು. ನಡುವೆ ನಿಂತರೆ ರೋಗಾಣುವು ಮತ್ತೆ ಹೆಚ್ಚಿ, ಔಷಧಕ್ಕೆ ಮಣಿಯದ ಶಕ್ತಿಯನ್ನೂ ಪಡೆಯಬಹುದು.

ಅಲೆದಾಡುವ ಜನರು ಈ ಕ್ರಮವನ್ನು ಪಾಲಿಸಲಾರರೆಂಬ ಶಂಕೆಯಿಂದ ಮೊದಮೊದಲು ಅವರಿಗೆ ಚಿಕಿತ್ಸೆ ಕೊಡಲು ಹಿಂಜರಿಕೆಯಿದ್ದಿತು. 2007ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ ಕಾರ್ಯಾಲಯವು, ನಾಡಿನ ಪ್ರಜೆಗಳಿಗೆ ದೊರೆಯುವ ಚಿಕಿತ್ಸೆಯು ನಿರಾಶ್ರಿತರಿಗೂ ದೊರೆಯತಕ್ಕದ್ದೆಂಬ ನೀತಿಯನ್ನು ಪ್ರಕಟಿಸಿತು. ಮುಂದೆ ಕಾಕುಮಾದಲ್ಲಿ ನಡೆದ ಪರಿಶೀಲನೆಯಲ್ಲಿ ಉಭಯರಿಗೂ ದೊರೆತ ಫಲವು ಬಹುಮಟ್ಟಿಗೆ ಸಮಾನವಾಗಿಯೇ ಕಂಡುಬಂದಿತು. ಆದರೂ ರೋಗಿಯು ಬೇರೆಡೆಗೆ ಹೊರಟಾಗ ಚಿಕಿತ್ಸೆಯು ಕಡಿದುಹೋಗುವ ಭಯವುಂಟು. ಹೊರಡುವವನಿಗೆ ಚಿಕಿತ್ಸಾವಿವರದ ಪತ್ರವನ್ನೂ ಹೆಚ್ಚುವರಿ ಗುಳಿಗೆಗಳನ್ನೂ ಮುಂಚಿತವಾಗಿಯೇ ಕೊಟ್ಟಿರುವುದು ಇದಕ್ಕೆ ಸುಲಭವಾದ ಪರಿಹಾರ.