ಟೈಲ್ಸ್ ಹಾಕುವ ಮುಂಚೆ ನೀರಿನ ಜಾಡು ಹಿಡಿಯಿರಿ

ಹಿಂಗಾರಿ ಬಿತ್ತಿಗೆಗೆಂದು ಪಡಸಾಲೆ ಮೂಲೆಯಲ್ಲಿಟ್ಟಿದ್ದ ಜೋಳದ ಚೀಲ ಎತ್ತಿದೆ. ತಳವೇ ಕಿತ್ತು ಬಂತು. ಕೆಳಗಿನ ಶಹಾಬಾದ್ ಪರಸಿ ಒದ್ದೆ, ಕಾಳಿಗೆ ಮುಗ್ಗಲು ವಾಸನೆ. ಅವ್ವ ಎರಡು ತಿಂಗಳಿಂದ ಹೇಳುತ್ತಲೇ ಇದ್ದಳು: “ತಮ್ಮಾ, ಈ ಮೂಲ್ಯಾಗ ನೆಲ ಕಾಲಿಗೆ ತಣ್ಣಗ ಹತ್ತತೈತಿ, ನೋಡೋ.” ಮಳೆಗಾಲದ ಥಂಡಿ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪರಸಿ ಅಲ್ಲಲ್ಲಿ ಎದ್ದಿತ್ತು, ಸಂದು ಬಿಟ್ಟಿತ್ತು. ಕಲ್ಲು ಹಳೆಯದಾಯಿತು ಎಂದುಕೊಂಡು ಅದರ ಮೇಲೆಯೇ ಟೈಲ್ಸ್ ಹಾಕಿಸಿದೆ. ಆರು ತಿಂಗಳಿಗೆ ಟೈಲ್ಸ್ ಕೆಳಗೆ ಪೊಳ್ಳು ಸಪ್ಪಳ. ನಡುವೆ ನಾಲ್ಕು ಎದ್ದು ನಿಂತವು. ರೊಕ್ಕ ನೀರಿಗೆ ಹೋಯಿತು.

ಎರಡನೇ ಸಲ ಬಂದ ಗೌಂಡಿ ಕರಣಿ ಮುಟ್ಟಲೇ ಇಲ್ಲ. “ಅಣ್ಣಾರ, ನೀರು ಎಲ್ಲಿಂದ ಬರಾಕತ್ತೈತಿ ಅದನ್ನ ಮೊದಲ ಹುಡುಕ್ರಿ. ಟೈಲ್ಸ್ ಮಾತು ಆಮ್ಯಾಲೆ” ಎಂದ.

ಸೋರಿಕೆ ಹುಡುಕಿದ ರೀತಿ

ರಾತ್ರಿ ಎಲ್ಲ ನಳ, ಮೋಟಾರು ಬಂದ್ ಮಾಡಿ, ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಬೆಳಿಗ್ಗೆ ನಾಲ್ಕು ಬೆರಳು ಇಳಿದಿತ್ತು. ಮರುದಿನ ಬಚ್ಚಲದ ವಾಲ್ವ್ ಕಟ್ಟಿದೆವು, ಮಟ್ಟ ಇಳಿಯಲಿಲ್ಲ. ಬಚ್ಚಲಕ್ಕೆ ಹೋಗುವ ಪೈಪನ್ನು ಪಡಸಾಲೆ ನೆಲದಲ್ಲಿ ಹೂಳಿಸಿದವನು ನಾನೇ. ಅದರ ಒಂದು ಜೋಡಣೆ ಹನಿಯುತ್ತಿತ್ತು.

ಹಿಂದೆ ಮನೆಗೆ ನೀರು ಕೊಡದಲ್ಲಿ ಬರುತ್ತಿತ್ತು. 2019ರಲ್ಲಿ ಜಲ ಜೀವನ ಮಿಷನ್ ಆರಂಭವಾದ ಮೇಲಂತೂ ಹಳ್ಳಿ ಮನೆಗಳಿಗೆ ನಳ ಹೆಚ್ಚಿವೆ. ಹಳೇ ನೆಲದೊಳಗೆ ಪೈಪು ಹೂಳುವಾಗ ಇದನ್ನು ಯೋಚಿಸಬೇಕು.

ಎರಿ ಮಣ್ಣಿನ ಆಟ

ನಮ್ಮ ನೆಲದ ಕೆಳಗೆ ತುಂಬಿದ್ದು ಹೊಲದ ಎರಿ ಮಣ್ಣು. ಬೇಸಿಗೆಯಲ್ಲಿ ಇದೇ ಮಣ್ಣು ಹೊಲದಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಇದರಲ್ಲಿನ ಜೇಡಿ ನೀರು ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬೆಳೆಗೆ ಬಂಗಾರ, ಮನೆಯ ನೆಲದಡಿ ಶತ್ರು. ಮೇಲೆ ಪರಸಿಯಿರಲಿ, ಟೈಲ್ಸ್ ಇರಲಿ, ಎತ್ತಿ ಒಗೆಯುತ್ತದೆ.

ಎರಡನೇ ಸಲ ಮಾಡಿದ್ದು

ಮೊದಲು ಹೂತ ಪೈಪು ಬಿಟ್ಟು ಹೊಸ ಪೈಪನ್ನು ಗೋಡೆಯ ಮೇಲೆ, ಕಣ್ಣಿಗೆ ಕಾಣುವಂತೆ ಹಾಕಿಸಿದೆ. ಹನಿಯೊಡೆದರೆ ಅಂದೇ ಗೊತ್ತಾಗುತ್ತದೆ.

ಎರಿ ಮಣ್ಣನ್ನು ಎರಡು ಅಡಿ ತೆಗೆಸಿದೆ. ಗೋಡೆಯ ಪಕ್ಕ ಬುನಾದಿಗಿಂತ ಆಳಕ್ಕೆ ತೋಡಬಾರದು, ಗೋಡೆ ಕೂತೀತು. ಬೇಸಿಗೆಯಲ್ಲಿ ಒಂದು ತಿಂಗಳು ಹಾಗೇ ಒಣಗಲು ಬಿಟ್ಟೆ. ಆಮೇಲೆ ಗರಸು ತುಂಬಿ, ಆರಾರು ಇಂಚಿಗೊಮ್ಮೆ ನೀರು ಚಿಮುಕಿಸಿ ದಿಮ್ಮಸ ಬಡಿಸಿದೆ. ಅದರ ಮೇಲೆ 1:4:8ರ ಕಾಂಕ್ರೀಟು.

ಕಾಂಕ್ರೀಟು ಒಣಗಿತೋ ಇಲ್ಲವೋ ತಿಳಿಯಲು ಎರಡಡಿ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಟೇಪು ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯಡಿ ನೀರಹನಿ ಕಂಡರೆ ಇನ್ನೂ ಕಾಯಬೇಕು.

ಸಾದಾ ಸೆರಾಮಿಕ್ ಟೈಲ್ಸನ್ನು ಸಿಮೆಂಟ್ ಗಾರೆಯಲ್ಲಿ ಕೂರಿಸುವುದಾದರೆ ಮೊದಲು ನೀರಿನಲ್ಲಿ ನೆನೆಸಬೇಕು. ಇಲ್ಲದಿದ್ದರೆ ಅವು ಗಾರೆಯ ನೀರು ಹೀರಿ ಹಿಡಿತ ಬಿಡುತ್ತವೆ. ವಿಟ್ರಿಫೈಡ್ ಟೈಲ್ಸ್ ಹೀರುವುದು ತೂಕದ ಶೇ. 0.5ಕ್ಕಿಂತ ಕಡಿಮೆ, ಅವಕ್ಕೆ ಟೈಲ್ಸ್ ಅಂಟು ಒಳ್ಳೆಯದು. ಟೈಲ್ಸ್ ನಡುವೆ ಸಣ್ಣ ಸಂದು, ಗೋಡೆಯ ಅಂಚಿಗೂ ಸಂದು ಬಿಡಿ. ಮುಗಿದ ಮೇಲೆ ನಾಣ್ಯದಿಂದ ತಟ್ಟಿ ನೋಡಿ. ಪೊಳ್ಳು ಸಪ್ಪಳ ಬಂದಲ್ಲಿ ಗೌಂಡಿ ಇರುವಾಗಲೇ ಕಿತ್ತು ಹಾಕಿಸಿ. ಬಚ್ಚಲಕ್ಕೆ ಮಾತ್ರ ಖರಬರಿ ಟೈಲ್ಸೇ ಇರಲಿ, ಹಿರಿಯರು ಜಾರಿ ಬೀಳಬಾರದು.

ತೆಗೆದ ಪರಸಿ ಎಸೆಯಲಿಲ್ಲ. ಈಗ ದನದ ಕೊಟ್ಟಿಗೆಯಲ್ಲಿ ಅದೇ ಹಾಸು.

ಕಾಳಿನ ಮಾತು

ಮುಗ್ಗಿದ ಜೋಳವನ್ನು ತಿನ್ನಬೇಡಿ, ದನಕ್ಕೂ ಹಾಕಬೇಡಿ. ಬೂಸ್ಟಿನಲ್ಲಿ ವಿಷ ಇರಬಹುದು. ಉಳಿದ ಚೀಲಗಳಿಂದ ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡಿಯೇ ಬಿತ್ತಿದೆ. ಈಗ ಟೈಲ್ಸ್ ಮೇಲೂ ಚೀಲ ನೇರ ಇಡುವುದಿಲ್ಲ. ಕೆಳಗೆ ಹಲಗೆ, ಗೋಡೆಯಿಂದ ಒಂದು ಗೇಣು ದೂರ.

ಹಗೇವು ತೋಡುತ್ತಿದ್ದ ನಮ್ಮ ಹಿರಿಯರು ಮೊದಲು ನೋಡುತ್ತಿದ್ದುದು ನೀರು ಬಾರದ ಜಾಗ. ನಾನು ನೋಡಿದ್ದು ಟೈಲ್ಸಿನ ಬಣ್ಣ. ನೆಲ ತಣ್ಣಗೆ ಹತ್ತತೈತಿ ಎಂದು ಮನೆಯಲ್ಲಿ ಯಾರಾದರೂ ಅಂದರೆ, ಅಂದೇ ರಾತ್ರಿ ಟ್ಯಾಂಕಿಗೆ ಗುರುತು ಹಾಕಿ ನೋಡ್ರಿ.