ಸ್ಕೂಟರಿಗೆ ಯಾವ ಆಯಿಲ್?

ಸೀತೂರಿಂದ ಕೊಪ್ಪಕ್ಕೋ ಎನ್.ಆರ್.ಪುರಕ್ಕೋ ಸ್ಕೂಟರಲ್ಲಿ ಓಡಾಡೋರು ಇದನ್ನ ಕೇಳಿ. ಆಯಿಲ್ ಬದಲಿಸೋ ಮುಂಚೆ ಡಬ್ಬಿ ತಿರುಗಿಸಿ, ಹಿಂದೆ ಬರೆದಿರೋದನ್ನ ಓದಿ. ‘ಜಾಸೋ ಎಂಎ’ ಅಂತಿದ್ರೆ ಸಾಮಾನ್ಯವಾಗಿ ಬೈಕಿಂದು. ‘ಜಾಸೋ ಎಂಬಿ’ ಅಂತಿದ್ರೆ ಸ್ಕೂಟರಿಂದು.

ಯಾಕೆ ಬೇರೆ ಬೇರೆ? ಬೈಕಿನ ಕ್ಲಚ್ ಎಂಜಿನ್ ಆಯಿಲಲ್ಲೇ ಮುಳುಗಿರುತ್ತೆ. ಆಯಿಲ್ ತೀರಾ ನುಣುಪಾದ್ರೆ ಕ್ಲಚ್ ಜಾರುತ್ತೆ. ಸ್ಕೂಟರಿನ ಕ್ಲಚ್ ಹಿಂದಿನ ಚಕ್ರದ ಪಕ್ಕ, ಬೆಲ್ಟಿನ ಜೊತೆ ಒಣಗೇ ಇರುತ್ತೆ. ಹಾಗಾಗಿ ಎಂಬಿ ಹಾಕಿದ್ರೆ ಎಂಜಿನ್ ಹಗುರವಾಗಿ ಓಡುತ್ತೆ. ಉಳಿದ ಎಂಬಿಯನ್ನ ಮನೆಯ ಬೈಕಿಗೆ ಮಾತ್ರ ಸುರೀಬೇಡಿ!

ಇನ್ನು ಆಯಿಲಿನ ದಪ್ಪ. ಆಕ್ಟಿವಾಗೆ ಹೋಂಡಾ ಹೇಳೋದು 10ಡಬ್ಲ್ಯು-30. ಏರು ಹತ್ತೋ ಗಾಡಿ ಅಂತ ಅದಕ್ಕಿಂತ ದಪ್ಪದ 20ಡಬ್ಲ್ಯು-50 ಹಾಕಿಸೋದು ಬೇಡ. ಬೆಳಗಿನ ಚಳೀಲಿ ಅದು ಎಂಜಿನ್ನಿನ ಮೇಲ್ಭಾಗಕ್ಕೆ ತಲುಪೋದು ತಡವಾಗುತ್ತೆ. ಬೇರೆ ಗಾಡಿಯಾದ್ರೆ ಅದರ ಮ್ಯಾನ್ಯುಯಲ್ ಹೇಳಿದ್ದೇ ಸರಿ.

ನಮ್ಮ ಮಲೆನಾಡಿನ ಮಳೇಲಿ ಇನ್ನೊಂದು ತೊಂದರೆ ಇದೆ. ಡೈರಿಗೆ, ಅಂಗಡಿಗೆ ಅಂತ ಬರೀ ಹತ್ತಿರ ಹತ್ತಿರ ಓಡಿಸಿದ್ರೆ ಎಂಜಿನ್ ಪೂರ್ತಿ ಕಾಯೋದಿಲ್ಲ, ಒಳಗಿನ ತೇವ ಆರೋದಿಲ್ಲ. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಥರ ಕಂಡ್ರೆ ಕಿಲೋಮೀಟರ್ ಲೆಕ್ಕ ಬಿಡಿ, ಆಗಲೇ ಬದಲಿಸಿ.