ಊರುಗೋಲು ಹಿಡಿದ ಕೈಗೆ ನೋವೇಕೆ?

ಕಳೆದ ಸುಗ್ಗಿಯಲ್ಲಿ ಕುಂಬ್ರದ ಹಿರಿಯ ಬೆಳೆಗಾರರೊಬ್ಬರನ್ನು ಕಾಣಲು ಹೋಗಿದ್ದೆವು. ಆಟಿಯ ಮಳೆಗೆ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದ ಅವರಿಗೆ ವೈದ್ಯರು ವಾಕರ್ ಹಿಡಿದೇ ನಡೆಯಲು ಹೇಳಿದ್ದರು. ಆದರೆ ವಾಕರ್ ಚಾವಡಿಯ ಮೂಲೆಯಲ್ಲಿತ್ತು. ಅವರು ಗೋಡೆ ಹಿಡಿದು ಬಂದರು. "ಕಾಲು ಅಡ್ಡಿಯಿಲ್ಲ, ಅಂಗೈ ಉರಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ" ಎಂದರು. ಕೈನೋವಿಗಾಗಿ ಆಧಾರ ಬಿಟ್ಟವರು ಮತ್ತೊಮ್ಮೆ ಬಿದ್ದರೆ ತೋಟದ ದಾರಿಯೇ ಮುಚ್ಚೀತು.

ಎತ್ತರ ಸರಿಯಿದೆಯೇ?

ಮೊದಲು ನೋಡಬೇಕಾದುದು ಹಿಡಿಯ ಎತ್ತರ. ಹಿಡಿ ತಗ್ಗಿದ್ದರೆ ಮೈ ಮುಂದಕ್ಕೆ ಬಾಗಿ, ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಎತ್ತರವಾದರೆ ಹೆಗಲು ಮೇಲೇರಿ ತೋಳು ಬಳಲುತ್ತದೆ. ಅಂಗೈಯ ಬುಡದಲ್ಲಿ ಹಾದುಹೋಗುವ ನರಗಳು ಒತ್ತಿದಾಗ ಜೋಮು ಬರುತ್ತದೆ.

ನಿತ್ಯದ ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಡಿ. ಹಿಡಿಯು ಮಣಿಕಟ್ಟಿನ ಗೆರೆಗೆ ಸಮನಾಗಿರಬೇಕು. ಹಿಡಿದಾಗ ಮೊಣಕೈ ತುಸು, ಅಂದರೆ 15ರಿಂದ 30 ಡಿಗ್ರಿಯಷ್ಟು, ಮಡಚಿರಬೇಕು. ವಾಕರಿನ ಗುಂಡಿ ಒತ್ತಿ ನಾಲ್ಕೂ ಕಾಲುಗಳನ್ನು ಒಂದೇ ತೂತಿಗೆ ಕೂರಿಸಿ. ಮರದ ಕೋಲಾದರೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ತುದಿಯ ರಬ್ಬರಿನ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕುಂಬ್ರದ ಹಿರಿಯರ ವಾಕರ್ ಎರಡು ತೂತು ತಗ್ಗಿತ್ತು. ಏರಿಸಿದ ಮೇಲೆ ಅವರು ಅಂಗಳದ ತುದಿಯವರೆಗೆ ನಡೆದು ತೋರಿಸಿದರು.

ಹಿಡಿ ಮತ್ತು ಹಿಡಿತ

ತೆಳುವಾದ, ಗಟ್ಟಿ ಹಿಡಿ ಅಂಗೈಯನ್ನು ಕೊರೆಯುತ್ತದೆ. ಸ್ಪಂಜಿನ ತೆಳು ಪಟ್ಟಿ ಇಲ್ಲವೆ ಹಳೆಯ ಬೈರಾಸಿನ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಹೊಲಿಯಿರಿ. ಅದು ತಿರುಗಬಾರದು, ಜಾರಬಾರದು. ಒದ್ದೆಯಾದರೆ ಬದಲಿಸಿ. ಬೆರಳು ಸುತ್ತುವರಿಯದಷ್ಟು ದಪ್ಪ ಮಾಡಿದರೂ ಕೈ ಸೋಲುತ್ತದೆ.

ಮಣಿಕಟ್ಟು ನೇರವಾಗಿರಲಿ, ಮುಷ್ಟಿ ಬಿಗಿಯದಿರಲಿ. ವಾಕರನ್ನು ತುಂಬ ಮುಂದಕ್ಕೆ ಇಡಬೇಡಿ. ಒಂದೇ ಕೋಲಾದರೆ ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಿರಿ. ನಡುನಡುವೆ ನಿಂತು ಬೆರಳು ಬಿಡಿಸಿ ಮಡಚಿ. ನಮ್ಮಲ್ಲಿ ಹಲವರು ಉದ್ದ ಕೊಡೆಯನ್ನೇ ಊರುಗೋಲು ಮಾಡಿಕೊಳ್ಳುತ್ತಾರೆ; ಅದರ ಎತ್ತರ ತಿದ್ದಲಾಗದು, ಲೋಹದ ತುದಿ ಒದ್ದೆ ಮುರಕಲ್ಲಿನ ಮೇಲೆ ಜಾರುತ್ತದೆ. ಕೋಲಿನ ರಬ್ಬರು ಸವೆದರೂ ಅಪಾಯವೇ.

ವೈದ್ಯರಲ್ಲಿಗೆ ಯಾವಾಗ?

ಇಷ್ಟಾದ ಮೇಲೂ ಜೋಮು ಉಳಿದರೆ, ರಾತ್ರಿ ಎಚ್ಚರವಾಗುವಷ್ಟು ನೋವಾದರೆ, ಕೈಯಿಂದ ವಸ್ತು ಜಾರತೊಡಗಿದರೆ ವೈದ್ಯರಿಗೆ ತೋರಿಸಿ. ಸಂಧಿವಾತದಿಂದ ಬೆರಳು ಸೊಟ್ಟಗಾದವರಿಗೆ ಮುಂಗೈಯ ಮೇಲೆ ಭಾರ ಹೊರುವ ವಾಕರ್‌ಗಳೂ ಇವೆ. ಸಕ್ಕರೆ ಕಾಯಿಲೆಯವರಿಗೆ ಗುಳ್ಳೆ ಎದ್ದರೂ ತಿಳಿಯದಿರಬಹುದು. ದಿನವೂ ಅಂಗೈ ನೋಡಿಕೊಳ್ಳಿ.

ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯು 60 ದಾಟಿದ ಬಡ ಹಿರಿಯರಿಗೆ ಊರುಗೋಲು, ವಾಕರ್ ಒದಗಿಸುವ ಉದ್ದೇಶದ್ದು. ಎಲ್ಲಿಂದ ಬಂದ ವಾಕರಾದರೂ ಮೊದಲ ದಿನವೇ ಅಳತೆಗೆ ಹೊಂದಿಸಿಕೊಳ್ಳಿ.

ಬೆಳೆಗಾರ ಬಂಧುಗಳೇ, ಈ ಸಂಚಿಕೆ ಓದಿ ಮುಗಿಸಿದೊಡನೆ ಮನೆಯ ಅಜ್ಜ ಅಜ್ಜಿಯರನ್ನು ಒಮ್ಮೆ ನಿಲ್ಲಿಸಿ, ಹಿಡಿಯ ಎತ್ತರ ನೋಡಿ. ಐದು ನಿಮಿಷದ ಕೆಲಸ. ಅವರು ಮತ್ತೆ ತೋಟದ ಅಂಚಿನವರೆಗೆ ನಡೆದಾರು.